ಕಿವಿಗೂ ಅಳತೆಗೂ ಜಗಳ ಇಲ್ಲ, ಜಗಳ ಹಚ್ಚೋದು ಕಣ್ಣು

ಹೈ-ಫೈ ಸೆಟ್ ಕೊಳ್ಳುವವರ ನಡುವೆ ಒಂದು ಹಳೇ ಜಗಳ ಇದೆ. "ಕಿವಿಗೆ ಹಿತ ಅನಿಸಿದರೆ ಸಾಕು, ಗ್ರಾಫ್ ಕಟ್ಟಿಕೊಂಡು ಏನು ಮಾಡೋದು" ಅನ್ನೋರು ಒಂದು ಕಡೆ. "ಅಳತೆಯಲ್ಲಿ ಕಾಣದ ವ್ಯತ್ಯಾಸ ಕಿವಿಗೆ ಹೇಗೆ ಕೇಳಿಸುತ್ತೆ, ಅದೆಲ್ಲ ಭ್ರಮೆ" ಅನ್ನೋರು ಇನ್ನೊಂದು ಕಡೆ. ದೊಡ್ಡ ಊರಲ್ಲಿ ನಾಲ್ಕು ಶೋರೂಮ್ ಸುತ್ತಿ ಕೇಳಿ ಬರುವವರಿಗೆ ಇದು ಬರೀ ಹರಟೆ ಇರಬಹುದು. ಕಲಬುರಗಿಯಲ್ಲಿ ಕೂತು ದುಡ್ಡು ಹಾಕುವವರಿಗೆ ಹಾಗಲ್ಲ. ಇಲ್ಲಿ ಸೂಪರ್ ಮಾರ್ಕೆಟ್ ಸುತ್ತ ಟಿವಿ, ಸೌಂಡ್‌ಬಾರ್, ಹೋಂ ಥಿಯೇಟರ್, ಡಿಜೆ ಸೆಟ್ಟು ಎಲ್ಲ ಸಿಗುತ್ತವೆ. ಆದರೆ ಎರಡು ಜೊತೆ ಒಳ್ಳೇ ಸ್ಪೀಕರ್ ಪಕ್ಕಪಕ್ಕ ಇಟ್ಟು, ಒಂದು ತಾಸು ಆರಾಮಾಗಿ ಕೂತು ಕೇಳಿ ಅನ್ನುವ ಜಾಗ ಸಿಗೋದು ಕಷ್ಟ. ಹೈದರಾಬಾದಿಗೆ ರೈಲು ಹತ್ತಬೇಕು. ಇಲ್ಲವಾದರೆ ಆನ್‌ಲೈನಲ್ಲಿ ಕೇಳದೇ ತರಿಸಬೇಕು. ಬೀದರ್, ಯಾದಗಿರಿಯವರ ಪಾಡೂ ಇದೇ.

ಹಾಗಾಗಿ ಕೇಳದೇ ಕೊಳ್ಳುವಾಗ ಅಳತೆಯನ್ನು ಎಷ್ಟು ನಂಬಬೇಕು, ಮನೆಗೆ ತಂದ ಮೇಲೆ ಕಿವಿಯನ್ನು ಎಷ್ಟು ನಂಬಬೇಕು, ಇದು ತಿಳಿದಿರೋದು ಒಳ್ಳೇದು. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಕಿವಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಒಳ್ಳೇ ಅಳತೆಯ ಜೊತೆ ಹೆಚ್ಚುಕಡಿಮೆ ಒಪ್ಪುತ್ತದೆ. ಬೆಲೆಯ ಚೀಟಿ, ಮುಂದಿನ ಪ್ಯಾನೆಲ್ಲಿನ ಹೊಳಪು, ವಾಲ್ಯೂಮ್ ಗುಂಡಿ, ಇವು ಮಧ್ಯ ಬಂದಾಗಲೇ ಎರಡಕ್ಕೂ ಜಗಳ ಶುರುವಾಗೋದು.

ಡಬ್ಬದ ಮೇಲಿನ ಅಂಕಿಯಿಂದಲೇ ಶುರು ಮಾಡೋಣ, ಯಾಕಂದ್ರೆ ಅಳತೆಗೆ ಕೆಟ್ಟ ಹೆಸರು ತಂದಿದ್ದು ಅದೇ. "5000 ವ್ಯಾಟ್ ಪಿಎಂಪಿಓ" ಅನ್ನುವ ಸ್ಟಿಕ್ಕರ್ ನೀವು ನೋಡಿರುತ್ತೀರಿ. ಒಂದು ಕ್ಷಣ ಮುಟ್ಟಬಹುದಾದ ಗರಿಷ್ಠ ಶಕ್ತಿ ಅಂತ ಅದರ ಅರ್ಥ. ಅದಕ್ಕೆ ಯಾವ ಒಪ್ಪಿತ ಮಾನದಂಡವೂ ಇಲ್ಲ, ಕಂಪನಿ ಬರೆದಷ್ಟೇ. ಅದೇ ಸೆಟ್ಟಿನ ಹಿಂದೆ ತಿರುಗಿಸಿ ನೋಡಿ. ಕರೆಂಟ್ ಎಷ್ಟು ಎಳೆಯುತ್ತದೆ ಅನ್ನೋದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಲ್ಲಿ 60 ವ್ಯಾಟ್ ಅಂತ ಇದ್ದರೆ ಅದಕ್ಕಿಂತ ಜಾಸ್ತಿ ಶಕ್ತಿಯನ್ನು ಅದು ನಿರಂತರವಾಗಿ ಹೊರಗೆ ಕೊಡೋಕೆ ಸಾಧ್ಯವೇ ಇಲ್ಲ. ಗೋಡೆಯ ಪ್ಲಗ್ಗಿನಿಂದ ಬಂದದ್ದಕ್ಕಿಂತ ಹೆಚ್ಚು ಎಲ್ಲಿಂದ ಬರಬೇಕು? ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್ ಅಂತ ಬರೆಯುವ ನಿರಂತರ ಶಕ್ತಿ. ಅದೂ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ, ಎಷ್ಟು ಡಿಸ್ಟಾರ್ಷನ್ (ದನಿಯ ಕಲಬೆರಕೆ) ಇಟ್ಟುಕೊಂಡು ಅಂತ ಬರೆದಿದ್ದರೆ ಮಾತ್ರ.

ವ್ಯಾಟ್ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆಂಪ್ ಅಂದರೆ ಸಿಗ್ನಲನ್ನು ಬಲಪಡಿಸಿ ಸ್ಪೀಕರ್ ಓಡಿಸುವ ಆಂಪ್ಲಿಫೈಯರ್. 50 ವ್ಯಾಟಿನ ಆಂಪ್‌ಗಿಂತ 100 ವ್ಯಾಟಿನದು ಎರಡು ಪಟ್ಟು ಜೋರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಶಕ್ತಿ ಎರಡು ಪಟ್ಟಾದರೆ ಶಬ್ದ ಏರೋದು 3 ಡೆಸಿಬೆಲ್. ಕಿವಿಗೆ "ಸ್ವಲ್ಪ ಜೋರಾಯ್ತು" ಅನಿಸುವಷ್ಟು ಮಾತ್ರ. ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಸ್ಪೀಕರಿನ ಸೆನ್ಸಿಟಿವಿಟಿ ಅನ್ನುವ ಅಂಕಿ ಇಲ್ಲಿ ಬಹಳ ಮುಖ್ಯ, ಆದರೆ ಅದನ್ನು ಯಾರೂ ಕೇಳಲ್ಲ. 86 ಡೆಸಿಬೆಲ್ ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಶಬ್ದ. ಇನ್ನೊಂದು ಸ್ಪೀಕರ್ 92 ಡೆಸಿಬೆಲ್ ಇದ್ದರೆ ಅದೇ ಶಬ್ದಕ್ಕೆ ಅದಕ್ಕೆ ಕಾಲು ಭಾಗ ಶಕ್ತಿ ಸಾಕು. ಸಾಮಾನ್ಯ ಕೋಣೆಯಲ್ಲಿ, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯದ ಹಾಗೆ ಹಾಡು ಕೇಳುವಾಗ, ನಿಮ್ಮ ಆಂಪ್ ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್ ಒಳಗೇ ಇರುತ್ತದೆ. ಉಳಿದದ್ದು ತಬಲಾದ ಒಂದು ಗಟ್ಟಿ ಏಟಿಗೆ, ಢೋಲಿನ ಹೊಡೆತಕ್ಕೆ ಬೇಕಾಗುವ ಮೀಸಲು.

"20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅನ್ನೋದು ಇನ್ನೊಂದು ಅಂಕಿ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ಮನುಷ್ಯನ ಕಿವಿ ಕೇಳುವ ವ್ಯಾಪ್ತಿ ಅದೇ ಆದ್ದರಿಂದ ಎಲ್ಲರೂ ಅದನ್ನೇ ಅಚ್ಚು ಹಾಕುತ್ತಾರೆ. ಆದರೆ ಅದರ ಮುಂದೆ ಪ್ಲಸ್ ಅಥವಾ ಮೈನಸ್ ಎಷ್ಟು ಡೆಸಿಬೆಲ್ ಅಂತ ಇಲ್ಲದಿದ್ದರೆ ಅದಕ್ಕೆ ಅರ್ಥವೇ ಇಲ್ಲ. 40 ಹರ್ಟ್ಸ್‌ನಲ್ಲಿ ಶಬ್ದ ಬರುತ್ತದೆ, ಸರಿ. ಉಳಿದದ್ದಕ್ಕಿಂತ 3 ಡೆಸಿಬೆಲ್ ಕಡಿಮೆ ಬರುತ್ತದೋ, 15 ಡೆಸಿಬೆಲ್ ಕಡಿಮೆಯೋ? ಇದನ್ನು ಹೇಳದ ಕಂಪನಿ ಏನನ್ನೂ ಹೇಳಿಲ್ಲ ಅಂತಲೇ ತಿಳಿಯಿರಿ.

ಈಗ ಡಿಸ್ಟಾರ್ಷನ್. ಒಂದು ಶುದ್ಧ ಸ್ವರ ಆಂಪ್ ಒಳಗೆ ಹೋಗಿ ಹೊರಗೆ ಬರುವಾಗ ತನ್ನ ಜೊತೆ ಇಲ್ಲದ ಸ್ವರಗಳನ್ನೂ ಕರೆತರುತ್ತದೆ. ಆ ಕಲಬೆರಕೆ ಎಷ್ಟು ಅನ್ನೋದೇ ಟಿಎಚ್‌ಡಿ. 1 ಶೇಕಡಾ ಅಂದರೆ ಮೂಲ ಸ್ವರಕ್ಕಿಂತ 40 ಡೆಸಿಬೆಲ್ ಕೆಳಗೆ. 0.1 ಅಂದರೆ 60 ಕೆಳಗೆ, 0.01 ಅಂದರೆ 80, 0.001 ಅಂದರೆ 100. ಈಗ ನಮ್ಮ ಕೋಣೆಗೆ ಬನ್ನಿ. ರಾತ್ರಿ ಹನ್ನೊಂದರ ಮೇಲೆ, ಫ್ಯಾನ್ ಬಂದ್ ಮಾಡಿದ ಕೋಣೆಯಲ್ಲೂ ಸುಮಾರು 30 ಡೆಸಿಬೆಲ್ ಗದ್ದಲ ಇದ್ದೇ ಇರುತ್ತದೆ. ಹಾಡಿನ ಅತಿ ಜೋರಾದ ಕ್ಷಣ 90 ಡೆಸಿಬೆಲ್ ಮುಟ್ಟಿತು ಅಂದುಕೊಳ್ಳಿ. 0.01 ಶೇಕಡಾ ಡಿಸ್ಟಾರ್ಷನ್ ಅಂದರೆ ಆ ಕಲಬೆರಕೆ ಬರೀ 10 ಡೆಸಿಬೆಲ್. ಅದು ಕೋಣೆಯ ಗದ್ದಲದ ಕೆಳಗೂ ಇರುತ್ತದೆ, ಹಾಡಿನ ಹಿಂದೆಯೂ ಅಡಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಚ್ಚದೇ ಕಲಬುರಗಿಯಲ್ಲಿ ಯಾರು ಕೂತು ಹಾಡು ಕೇಳುತ್ತಾರೆ? ಕೂಲರ್ ಓಡುವಾಗ ಕೋಣೆಯಲ್ಲಿ 55 ಡೆಸಿಬೆಲ್ ದಾಟೋದು ದೊಡ್ಡ ಮಾತಲ್ಲ. ಅಲ್ಲಿ 0.001 ಶೇಕಡಾದ ಆಂಪ್‌ಗೂ 0.01 ಶೇಕಡಾದ ಆಂಪ್‌ಗೂ ಇರುವ ಅಂತರಕ್ಕೆ ದುಡ್ಡು ಕೊಡೋದು ದಂಡ.

ಇದರಿಂದ ಒಂದು ನೇರವಾದ ತೀರ್ಮಾನಕ್ಕೆ ಬರಬಹುದು. ಡ್ಯಾಕ್ ಮತ್ತು ಟ್ರಾನ್ಸಿಸ್ಟರ್ ಆಂಪ್ ವಿಷಯದಲ್ಲಿ ಅಳತೆಯನ್ನು ನಂಬಿ. ಫೋನು, ಲ್ಯಾಪ್‌ಟಾಪಿನಿಂದ ಬರುವ ಡಿಜಿಟಲ್ ಸಿಗ್ನಲನ್ನು ಆಂಪ್‌ಗೆ ಬೇಕಾದ ಅನಲಾಗ್ ಮಾಡಿ ಕೊಡೋದೇ ಡ್ಯಾಕ್. ಇವತ್ತು ಕೆಲವು ಸಾವಿರ ರೂಪಾಯಿಗೇ ಕಿವಿಯ ಮಿತಿ ದಾಟಿದ ಡ್ಯಾಕ್ ಸಿಗುತ್ತದೆ. ಆಂಪ್‌ಗೆ ನಿಮ್ಮ ಸ್ಪೀಕರ್ ಓಡಿಸುವಷ್ಟು ಶಕ್ತಿ ಇದೆಯಾ, 4 ಓಮ್ ಸ್ಪೀಕರ್ ಹಾಕಿದರೂ ನಿಲ್ಲುತ್ತದಾ, ಗದ್ದಲ ಮತ್ತು ಡಿಸ್ಟಾರ್ಷನ್ ಕಡಿಮೆ ಇದೆಯಾ, ಅಷ್ಟು ನೋಡಿ ಮುಂದೆ ಹೋಗಿ. ತಂತಿಯೂ ಹಾಗೆಯೇ. ಐದು ಮೀಟರ್ ಉದ್ದಕ್ಕೆ ಹೋಗಿ ಬರುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೆಸಿಸ್ಟೆನ್ಸ್ ಒಂದು ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 1.5 ಅಥವಾ 2.5ರ ಒಳ್ಳೇ ತಾಮ್ರದ ತಂತಿ ಸಾಕು. ತೀರಾ ತೆಳ್ಳಗಿನ ತಂತಿ ಮಾತ್ರ ಬೇಡ.

ಆದರೆ ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಹಳೇ ಬಗೆಯದು) ಕೇಳಿದವರು ಸುಮ್ಮನಿರಲ್ಲ. "ಅದರ ಅಳತೆ ಕೆಟ್ಟದಾಗಿದ್ದರೂ ದನಿ ಬೆಚ್ಚಗೆ, ತುಂಬಿಕೊಂಡ ಹಾಗೆ ಕೇಳಿಸುತ್ತಲ್ಲ" ಅಂತಾರೆ. ನಿಜ, ಬೇರೆ ಥರ ಕೇಳಿಸುತ್ತದೆ. ಕಾರಣವೂ ಅಳತೆಯಲ್ಲೇ ಇದೆ. ವಾಲ್ವ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ ತನ್ನೊಳಗೇ ಒಡ್ಡುವ ತಡೆ, ಸಾಮಾನ್ಯವಾಗಿ ಜಾಸ್ತಿ, ಅದು 2 ಓಮ್ ಅಂತ ಇಟ್ಟುಕೊಳ್ಳಿ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಆಗಿರಲ್ಲ. ಒಂದು ಕಡೆ 4ಕ್ಕೆ ಇಳಿಯುತ್ತದೆ, ಇನ್ನೊಂದು ಕಡೆ 20ಕ್ಕೆ ಏರುತ್ತದೆ. 4 ಇರುವ ಕಡೆ ಶಬ್ದ 3.5 ಡೆಸಿಬೆಲ್ ಕುಗ್ಗುತ್ತದೆ, 20 ಇರುವ ಕಡೆ ಒಂದು ಡೆಸಿಬೆಲ್ ಕೂಡ ಕುಗ್ಗಲ್ಲ. ಅಂದರೆ ಆಂಪ್ ತನಗೆ ಗೊತ್ತಿಲ್ಲದೇ ನಿಮ್ಮ ಸ್ಪೀಕರಿಗೆ ಎರಡೂವರೆ ಡೆಸಿಬೆಲ್ಲಿಗೂ ಹೆಚ್ಚು ಈಕ್ವಲೈಜರ್ (ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಕುತ್ತಿದೆ. ಅದು ಯಾರ ಕಿವಿಗಾದರೂ ಕೇಳಿಸುತ್ತದೆ. ನಿಮಗೆ ಅದು ಇಷ್ಟವಾದರೆ ಖಂಡಿತ ಕೊಳ್ಳಿ. ಬೇರೆ ಸ್ಪೀಕರ್ ಹಾಕಿದರೆ ಅದೇ ಆಂಪ್ ಬೇರೆಯೇ ದನಿ ಕೊಡುತ್ತದೆ ಅನ್ನೋದು ಮಾತ್ರ ಗೊತ್ತಿರಲಿ.

ಕಿವಿಯವರ ಪರವಾಗಿ ಒಂದು ಮಾತು ಇಲ್ಲಿ ಹೇಳಲೇಬೇಕು. ಅಳತೆಗಿಂತ ಮೊದಲು ಕಿವಿ ತಪ್ಪು ಹಿಡಿದ ಉದಾಹರಣೆ ಇದೆ. ಟ್ರಾನ್ಸಿಸ್ಟರ್ ಆಂಪ್‌ಗಳು ಹೊಸದಾಗಿ ಬಂದ ಕಾಲದಲ್ಲಿ ಕಾಗದದ ಮೇಲೆ ಅವು ವಾಲ್ವ್‌ಗಿಂತ ಎಷ್ಟೋ ಮೇಲು. ಆದರೆ ಕೇಳಿದವರು "ದನಿ ಒರಟು, ಹೊತ್ತು ಕೂತು ಕೇಳೋಕೆ ಆಗಲ್ಲ" ಅಂದರು. ಕಾರಣ ಆಮೇಲೆ ಗೊತ್ತಾಯಿತು. ಆಗ ಹೆಚ್ಚಾಗಿ ಅಳೆಯುತ್ತಿದ್ದದ್ದು 1 ಕಿಲೋಹರ್ಟ್ಸ್‌ನ ಒಂದೇ ಸ್ವರವನ್ನು, ಪೂರ್ತಿ ಶಕ್ತಿಯಲ್ಲಿ. ಆ ಆಂಪ್‌ಗಳಲ್ಲಿ ಸಿಗ್ನಲ್ಲಿನ ಮೇಲಿನ ಅರ್ಧ ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧ ಇನ್ನೊಂದು ಹೊರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಒಂದು ಸಣ್ಣ ಮುಗ್ಗರಿಕೆ. ಪೂರ್ತಿ ಶಕ್ತಿಯಲ್ಲಿ ಅದು ಲೆಕ್ಕಕ್ಕೇ ಬರಲ್ಲ, ಮೆಲ್ಲಗೆ ಹಾಡು ಹಾಕಿದಾಗ ಎದ್ದು ಕಾಣುತ್ತದೆ. ಇನ್ನು ವೇಗವಾಗಿ ಏರಿಳಿಯುವ ಸಿಗ್ನಲ್ ಬಂದಾಗ ಕೆಲವು ಆಂಪ್ ತಡವರಿಸುತ್ತವೆ ಅಂತ ಫಿನ್‌ಲ್ಯಾಂಡಿನ ಮತ್ತಿ ಓಟಾಲಾ 1970ರಲ್ಲಿ ತೋರಿಸಿದರು. ಒಂದೇ ಸ್ವರ ಹಾಕಿ ಅಳೆದು ಆಂಪ್ ಒಳ್ಳೇದು ಅನ್ನೋದು, ತೊಗರಿ ಚೀಲದ ಬಾಯಿ ಹತ್ತಿರದ ಒಂದು ಹಿಡಿ ನೋಡಿ ಇಡೀ ಚೀಲಕ್ಕೆ ರೇಟು ಕಟ್ಟಿದ ಹಾಗೆ. ಅಳತೆಯವರು ಆಮೇಲೆ ಬೇರೆ ಬೇರೆ ಶಕ್ತಿಯಲ್ಲಿ, ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ, ಎರಡು ಸ್ವರ ಒಟ್ಟಿಗೆ ಹಾಕಿ ಅಳೆಯೋದನ್ನು ರೂಢಿ ಮಾಡಿಕೊಂಡರು. ಕಿವಿ ಕೊಟ್ಟ ದೂರಿನಿಂದಲೇ ಅಳತೆ ಬೆಳೆದಿದ್ದು.

ಎಂಪಿ3 ಇದಕ್ಕೆ ತಿರುಗುಮುರುಗಿನ ಉದಾಹರಣೆ. ಸಿಡಿಯಲ್ಲಿ ಒಂದು ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತದೆ, ಒಳ್ಳೇ ಎಂಪಿ3ಯಲ್ಲಿ 256 ಅಥವಾ 320. ಮುಕ್ಕಾಲು ಭಾಗ ಬಿಸಾಕಿದ ಹಾಗಾಯ್ತು. ಆಂಪ್ ಅಳೆಯುವ ರೀತಿಯಲ್ಲಿ ಅದನ್ನು ಅಳೆದರೆ ಫೇಲು. ಆದರೆ ಕೇಳಿದರೆ ಹೆಚ್ಚಿನವರಿಗೆ ವ್ಯತ್ಯಾಸ ಸಿಗಲ್ಲ. ಯಾಕಂದ್ರೆ ಜೋರಾದ ಸ್ವರ ಪಕ್ಕದ ಮೆಲು ಸ್ವರವನ್ನು ಮುಚ್ಚಿಹಾಕುತ್ತದೆ ಅನ್ನುವ ಕಿವಿಯ ಗುಣವನ್ನು ಹಿಡಿದು, ಜನರಿಗೆ ಕೇಳಿಸಿ ಕೇಳಿಸಿಯೇ ಅದನ್ನು ತಿದ್ದಿ ಮಾಡಿದ್ದು. ಹಾಗಾಗಿ ಅಳತೆ ಅಂದರೆ ಒಂದೇ ಅಂಕಿ ಅಂತ ಹಿಡಿಯಬೇಡಿ. ಯಾವ ಅಳತೆ ಕಿವಿಯ ಗುಣಕ್ಕೆ ಹೊಂದುತ್ತದೆ ಅನ್ನೋದೇ ಪ್ರಶ್ನೆ.

ಸ್ಪೀಕರ್ ವಿಷಯಕ್ಕೆ ಬಂದರೆ ಈ ಪ್ರಶ್ನೆಗೆ ಬಹಳ ಚೆನ್ನಾಗಿ ಉತ್ತರ ಹುಡುಕಿದವರು ಫ್ಲಾಯ್ಡ್ ಟೂಲ್. ಕೆನಡಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಇದ್ದಾಗ, ಆಮೇಲೆ ಹರ್ಮನ್ ಕಂಪನಿಗೆ ಹೋದಾಗ, ಶಾನ್ ಆಲಿವ್ ಮುಂತಾದವರ ಜೊತೆ ಸೇರಿ ದಶಕಗಟ್ಟಲೆ ಒಂದೇ ಕೆಲಸ ಮಾಡಿದರು. ಪರದೆ ಹಿಂದೆ ಸ್ಪೀಕರ್ ಇಡೋದು, ಒಂದೇ ಮಟ್ಟದ ಶಬ್ದಕ್ಕೆ ತರೋದು, ಜನರಿಗೆ ಕೇಳಿಸಿ ಅಂಕ ಕೊಡಿಸೋದು. ಅದೇ ಸ್ಪೀಕರ್‌ಗಳನ್ನು ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಸುತ್ತಲೂ ಹತ್ತತ್ತು ಡಿಗ್ರಿಗೆ ಒಂದರಂತೆ ಅಳೆಯೋದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕಿದ್ದು ಸರಳ ಉತ್ತರ. ನೇರ ಎದುರಿಗೆ ಸಮತಟ್ಟಾದ, ಏರುಪೇರಿಲ್ಲದ ಗೆರೆ ಇರುವ ಸ್ಪೀಕರು, ಬದಿಗೆ ಹೋದಂತೆ ಮೆಲ್ಲಗೆ, ಒಂದೇ ಸಮನೆ ಇಳಿಯುವ ಸ್ಪೀಕರು, ಅದೇ ಜನರಿಗೆ ಇಷ್ಟ. 2003ರಲ್ಲಿ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ 268 ಜನ ಕೇಳಿದ್ದರು. ಅವರಲ್ಲಿ ತರಬೇತಿ ಪಡೆದವರು, ಅಂಗಡಿಯವರು, ವಿಮರ್ಶೆ ಬರೆಯುವವರು, ವಿದ್ಯಾರ್ಥಿಗಳು ಎಲ್ಲ ಇದ್ದರು. ಯಾವ ಸ್ಪೀಕರ್ ಮೇಲು, ಯಾವುದು ಕೀಳು ಅನ್ನುವ ಸಾಲು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ತರಬೇತಿ ಆದವರು ಹೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ಗಟ್ಟಿ ಇದ್ದರು, ಅಷ್ಟೇ. ಮರುವರ್ಷ ಆಲಿವ್ 70 ಸ್ಪೀಕರ್‌ಗಳ ಅಳತೆ ಹಿಡಿದು, ಜನ ಎಷ್ಟು ಅಂಕ ಕೊಡುತ್ತಾರೆ ಅಂತ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಸೂತ್ರದ ಅಂಕಕ್ಕೂ ಜನ ಕೊಟ್ಟ ಅಂಕಕ್ಕೂ ಹೊಂದಾಣಿಕೆ 0.86. ಪೂರ್ತಿ ಹೊಂದಿದ್ದರೆ 1 ಆಗಬೇಕು. ಕಿವಿಯ ರುಚಿಯಂಥ ವಿಷಯಕ್ಕೆ ಇದು ಬಹಳ ದೊಡ್ಡ ಹೊಂದಾಣಿಕೆ.

ಕೇಳದೇ ಕೊಳ್ಳಬೇಕಾದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಅಂತ ನಾನು ಮನಸಾರೆ ನಂಬುತ್ತೇನೆ. ಸುತ್ತಲೂ ಅಳೆದ ಇಂಥ ಗ್ರಾಫಿಗೆ ಸ್ಪಿನೋರಾಮಾ ಅಂತಾರೆ. ಹುಡುಕಿದರೆ ನೂರಾರು ಸ್ಪೀಕರ್‌ಗಳದ್ದು ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೇಲಿನ ಗೆರೆ ಗುಡ್ಡ, ಕಣಿವೆ ಇಲ್ಲದೇ ನೆಟ್ಟಗಿದೆಯಾ, ಕೆಳಗಿನ ಗೆರೆಗಳು ಅದರ ಜೊತೆಜೊತೆಗೇ ಇಳಿಯುತ್ತವಾ, ಬೇಸ್ ಎಷ್ಟು ಹರ್ಟ್ಸ್‌ವರೆಗೆ ಹೋಗುತ್ತದೆ, ಇಷ್ಟು ನೋಡೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. 2ರಿಂದ 5 ಕಿಲೋಹರ್ಟ್ಸ್ ನಡುವೆ ಗುಡ್ಡ ಇದ್ದರೆ ಹುಷಾರು, ನಮ್ಮ ಕಿವಿ ಅತಿ ಚುರುಕಾಗಿರೋದು ಅಲ್ಲೇ. ಅಂಥ ಸ್ಪೀಕರಲ್ಲಿ ಹಾರ್ಮೋನಿಯಂ ಚುಚ್ಚುತ್ತದೆ, ಭಜನೆಯ ತಾಳ ಕಿವಿ ಕೊರೆಯುತ್ತದೆ.

ಹಾಗಾದರೆ ಅಂಗಡಿಯಲ್ಲಿ ಕೇಳಿದಾಗ ಬೇರೆ ಥರ ಯಾಕೆ ಅನಿಸುತ್ತದೆ? ಟೂಲ್ ಮತ್ತು ಆಲಿವ್ 1994ರಲ್ಲಿ ಅದನ್ನೂ ಪರೀಕ್ಷಿಸಿದರು. ಅದೇ ಜನರಿಗೆ ಅದೇ ಸ್ಪೀಕರ್‌ಗಳನ್ನು ಒಮ್ಮೆ ಪರದೆ ಹಿಂದೆ ಇಟ್ಟು ಕೇಳಿಸಿದರು, ಒಮ್ಮೆ ಪರದೆ ತೆಗೆದು. ಪರದೆ ತೆಗೆದ ಕೂಡಲೇ ದೊಡ್ಡ, ದುಬಾರಿ ಸ್ಪೀಕರ್‌ಗಳ ಅಂಕ ಏರಿತು. ಪರದೆ ಹಿಂದೆ ಚೆನ್ನಾಗಿ ಅಂಕ ತೆಗೆದಿದ್ದ ಸಣ್ಣ, ಅಗ್ಗದ ಸೆಟ್ಟಿನ ಅಂಕ ಬಿತ್ತು. ಸ್ಪೀಕರನ್ನು ಬೇರೆ ಜಾಗಕ್ಕೆ ಸರಿಸಿದಾಗ ಆಗುವ ಬದಲಾವಣೆ ಕಣ್ಣು ಕಟ್ಟಿದ ಕಿವಿಗೆ ಗೊತ್ತಾಗುತ್ತಿತ್ತು, ಕಣ್ಣು ಬಿಟ್ಟ ಮೇಲೆ ಅಷ್ಟು ಗೊತ್ತಾಗಲಿಲ್ಲ. ಕೇಳಿದವರೆಲ್ಲ ಆಡಿಯೋ ಕಂಪನಿಯಲ್ಲೇ ಕೆಲಸ ಮಾಡುವ ಜನ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮಿದುಳು ಕಣ್ಣಿನ ಸುದ್ದಿಯನ್ನೂ ಕಿವಿಯ ಸುದ್ದಿಯನ್ನೂ ಬೇರೆಬೇರೆ ಇಟ್ಟುಕೊಳ್ಳಲ್ಲ, ಎರಡನ್ನೂ ಕಲಸಿ ಒಂದೇ ಅನಿಸಿಕೆ ಕೊಡುತ್ತದೆ.

ಇನ್ನೊಂದು ಮೋಸ ವಾಲ್ಯೂಮಿನದು. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಪ್ರಕಾರ, ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸಲ್ಲ. ಜೋರಾದಂತೆ ಬೇಸ್ ತುಂಬಿಕೊಳ್ಳುತ್ತದೆ. ಹಳೇ ಆಂಪ್‌ಗಳಲ್ಲಿ "ಲೌಡ್‌ನೆಸ್" ಅಂತ ಒಂದು ಗುಂಡಿ ಇರುತ್ತಿತ್ತು ನೋಡಿ, ಅದು ಇದಕ್ಕೇ. ಒಂದು ಸೆಟ್ ಇನ್ನೊಂದಕ್ಕಿಂತ ಒಂದು ಡೆಸಿಬೆಲ್‌ನಷ್ಟು ಜೋರಿದ್ದರೂ ಅದು ನಮಗೆ "ಜೋರು" ಅನಿಸಲ್ಲ, "ಚೆನ್ನಾಗಿದೆ, ಸ್ಪಷ್ಟ ಇದೆ, ಜೀವ ಇದೆ" ಅನಿಸುತ್ತದೆ. ಅಂಗಡಿಯಲ್ಲಿ ದುಬಾರಿ ಸೆಟ್ಟಿಗೆ ಬಂದಾಗ ವಾಲ್ಯೂಮ್ ಸ್ವಲ್ಪ ಮೇಲಿದ್ದರೆ ಮುಗಿಯಿತು, "ಕೇಳ್ರಿ ಸರ್, ಹೆಂಗ ಎದಿಗೆ ಬಡೀತದ!" ಅಂತ ಅವರು ಹೇಳುವ ಮೊದಲೇ ನೀವು ಒಪ್ಪಿರುತ್ತೀರಿ.

ಬ್ರಹ್ಮಪುರದಲ್ಲಿ ನಮ್ಮ ಕಾಕಾನ ಮಗನ ಹತ್ತಿರ ಒಂದು ಹಳೇ ಇಂಟಿಗ್ರೇಟೆಡ್ ಆಂಪ್ ಇದೆ, ಮುಂದೆ ಸೂಜಿ ಕುಣಿಯುವ ಮೀಟರ್ ಇರುವಂಥದ್ದು. ಅಂಗೈಯಗಲದ ಹೊಸ ಕ್ಲಾಸ್-ಡಿ ಆಂಪ್ ತರಿಸಿದ. ಎರಡನ್ನೂ ಕೇಳಿ "ಹಳೇದರಾಗ ಜೀವ ಅದ ಅಣ್ಣಾ, ಹೊಸದು ಬರೀ ಸಪ್ಪಗ ಅದ" ಅಂದ. ಮನೆಯಲ್ಲಿದ್ದ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ತೆಗೆದುಕೊಂಡೆವು. ಫೋನಿನಿಂದ 100 ಹರ್ಟ್ಸ್‌ನ ಟೋನ್ ಹಾಕಿ ಸ್ಪೀಕರಿನ ಹಿಂದಿನ ಟರ್ಮಿನಲ್‌ಗೆ ಮೀಟರಿನ ಕಡ್ಡಿ ಮುಟ್ಟಿಸಿ ನೋಡಿದರೆ, ಗುಂಡಿಗಳು ಒಂದೇ ಮಟ್ಟದಲ್ಲಿವೆ ಅಂತ ಅವನು ನಂಬಿದ್ದ ಜಾಗದಲ್ಲಿ ಹಳೇದು 1.12 ವೋಲ್ಟ್ ಕೊಡುತ್ತಿತ್ತು, ಹೊಸದು 1.00. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ಡೆಸಿಬೆಲ್. ಎರಡನ್ನೂ 1.00ಕ್ಕೆ ತಂದೆವು. ಆಂಪ್‌ಗಳ ಮೇಲೆ ಬೆಡ್‌ಶೀಟ್ ಹೊದಿಸಿ, ಪ್ರತಿ ಸಲ ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಒಂದನ್ನು ಜೋಡಿಸಿ ಕೇಳಿಸಿದೆ. ಅವನು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಹಳೇ ಆಂಪನ್ನು ಅವನು ಮಾರಲಿಲ್ಲ, ಆ ಸೂಜಿ ಕುಣಿಯೋದು ನೋಡುತ್ತ ಕೂರೋದೇ ಅವನಿಗೆ ಖುಷಿ. ಅದರಲ್ಲಿ ತಪ್ಪೇನಿಲ್ಲ.

ನೀವೂ ಮಾಡಿ ನೋಡುವುದಾದರೆ ಕೆಲವು ಮಾತು ನೆನಪಿರಲಿ. ಅಗ್ಗದ ಮಲ್ಟಿಮೀಟರ್ 50 ಹರ್ಟ್ಸ್ ಕರೆಂಟ್ ಅಳೆಯೋಕೆ ಮಾಡಿದ್ದು, ಹಾಗಾಗಿ ಟೋನ್ ಕೆಳಗಿನದ್ದೇ ಇರಲಿ, 1 ಕಿಲೋಹರ್ಟ್ಸ್‌ನಲ್ಲಿ ಅದು ತಪ್ಪು ತೋರಿಸಬಹುದು. ಎರಡರ ವೋಲ್ಟೇಜ್ ಒಂದು ಶೇಕಡಾದ ಒಳಗೆ ಹೊಂದಬೇಕು. ಎರಡು ಆಂಪ್‌ನ ತಂತಿಯನ್ನು ಒಂದೇ ಹೊತ್ತಿಗೆ ಒಂದೇ ಸ್ಪೀಕರಿಗೆ ಸಿಗಿಸಲೇಬೇಡಿ, ಆಂಪ್ ಸುಟ್ಟು ಹೋಗುತ್ತದೆ. ಬಂದ್ ಮಾಡಿಯೇ ತಂತಿ ಬದಲಿಸಿ. ಸ್ಪೀಕರ್ ಹೋಲಿಸುವಾಗ ವೋಲ್ಟೇಜ್ ಉಪಯೋಗಕ್ಕೆ ಬರಲ್ಲ. ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ, ಸೋ ಅನ್ನುವ ಸದ್ದು) ಹಾಕಿ, ನೀವು ಕೂರುವ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಆ್ಯಪ್ ಇಟ್ಟು ಸಮ ಮಾಡಿಕೊಳ್ಳಿ. ಆಮೇಲೆ ಲೆಕ್ಕ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದರೆ ಅದು ಗೆಲುವಲ್ಲ, ಸುಮ್ನೆ ಊಹಿಸಿದರೂ ಆರು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು 38 ಶೇಕಡಾ. ಒಂಬತ್ತು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಒಂದು ಶೇಕಡಾದಷ್ಟು ಮಾತ್ರ, ಅಲ್ಲಿ ನಂಬಬಹುದು. 2007ರಲ್ಲಿ ಮೇಯರ್ ಮತ್ತು ಮೋರಾನ್ ಅನ್ನುವವರು ಹೈ-ರೆಸಲ್ಯೂಷನ್ ಸಂಗೀತವನ್ನು ಹಾಗೇ ಒಮ್ಮೆ, ಸಿಡಿ ಗುಣಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದ್ದರು. 554 ಸಲದಲ್ಲಿ ಸರಿ ಉತ್ತರ ಅರ್ಧದಷ್ಟೇ ಬಂತು.

ಸೂಕ್ಷ್ಮ ದನಿಯ ನೆನಪು ಕೆಲವೇ ಸೆಕೆಂಡು ನಿಲ್ಲುತ್ತದೆ ಅನ್ನೋದೂ ಇಲ್ಲಿ ಮುಖ್ಯ. ಹೈದರಾಬಾದಿನ ಶೋರೂಮಿನಲ್ಲಿ ಬೆಳಿಗ್ಗೆ ಒಂದು ಆಂಪ್ ಕೇಳಿ, ರೈಲಲ್ಲಿ ವಾಡಿ ದಾಟಿ ಮನೆಗೆ ಬಂದು, ರಾತ್ರಿ ನಿಮ್ಮ ಹಳೇ ಆಂಪ್ ಕೇಳಿ "ಅದರಲ್ಲಿ ಟ್ರೆಬಲ್ ಹೆಚ್ಚು ಮೃದು ಇತ್ತು" ಅನ್ನೋದು ನಿಲ್ಲುವ ಮಾತಲ್ಲ. ಎರಡು ಸ್ಪೀಕರ್ ನಡುವಿನ ದೊಡ್ಡ ವ್ಯತ್ಯಾಸವಾದರೆ ನೆನಪಲ್ಲಿ ಉಳಿಯುತ್ತದೆ. ಆದರೆ ಅಲ್ಲೂ ನೀವು ಕೇಳಿದ್ದು ಅವರ ಕೋಣೆಯನ್ನು.

ಈ ಕೋಣೆಯ ವಿಷಯವನ್ನೇ ನಮ್ಮಲ್ಲಿ ಜಾಸ್ತಿ ಮಾತಾಡಬೇಕು. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಇಲ್ಲವೇ ಟೈಲ್ಸ್. ಮೇಲೆ ಆರ್‌ಸಿಸಿ ಸ್ಲ್ಯಾಬ್. ಸುತ್ತ ಪ್ಲಾಸ್ಟರ್ ಗೋಡೆ. ಹಳೇ ಮನೆಗಳಲ್ಲಿ ಗೋಡೆಯೂ ಕಲ್ಲೇ. ಬೇಸಿಗೆಗೆ ಇದು ತಂಪು, ಶಬ್ದಕ್ಕೆ ಮಾತ್ರ ಕಷ್ಟ. ಕಲ್ಲು ತನ್ನ ಮೇಲೆ ಬಿದ್ದ ಶಬ್ದವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುತ್ತದೆ. ಶಬ್ದ 60 ಡೆಸಿಬೆಲ್ ಇಳಿಯೋಕೆ ಹಿಡಿಯುವ ಹೊತ್ತು ಸಂಗೀತ ಕೇಳುವ ಕೋಣೆಯಲ್ಲಿ 0.3ರಿಂದ 0.5 ಸೆಕೆಂಡ್ ಇದ್ದರೆ ಚೆಂದ. ಸಾಮಾನಿಲ್ಲದ ಕಲ್ಲಿನ ಕೋಣೆಯಲ್ಲಿ ಒಂದು ಸೆಕೆಂಡ್ ದಾಟಬಹುದು. ಆಗ ತಬಲಾದ ಒಂದು ಬೋಲ್ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ಕೈ ಚಪ್ಪಾಳೆ ತಟ್ಟಿ ನೋಡಿ, ಕೊನೆಯಲ್ಲಿ ಝಣ್ ಅಂತ ಬಾಲ ಬಂದರೆ ಅದೇ.

ಈ ಹೊತ್ತನ್ನು ಮೊದಲು ಅಳೆದವರು ಹಾರ್ವರ್ಡ್‌ನ ವ್ಯಾಲೇಸ್ ಸಬೀನ್. ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲಿನಲ್ಲಿ ಮಾತೇ ತಿಳಿಯುತ್ತಿರಲಿಲ್ಲ, ದನಿ ಐದು ಸೆಕೆಂಡಿಗೂ ಹೆಚ್ಚು ಸುತ್ತಾಡುತ್ತಿತ್ತು. 1895ರಲ್ಲಿ ಅದನ್ನು ಸರಿಮಾಡಿ ಅಂತ ಇವರಿಗೆ ಒಪ್ಪಿಸಿದರು. ಹತ್ತಿರದ ಇನ್ನೊಂದು ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಇಟ್ಟು, ಆರ್ಗನ್ ಪೈಪ್ ಊದಿಸಿ, ಶಬ್ದ ಕೇಳಿಸದಂತಾಗುವವರೆಗೆ ಹಿಡಿದ ಹೊತ್ತನ್ನು ಬರೆದುಕೊಂಡರು. ಆಗ ಅಳತೆಗೆ ಒದಗುವಂಥ ಮೈಕೂ ಇರಲಿಲ್ಲ, ಸೌಂಡ್ ಮೀಟರೂ ಇರಲಿಲ್ಲ. ಹೊತ್ತು ನೋಡೋಕೆ ಗಡಿಯಾರ, ಶಬ್ದ ಹಿಡಿಯೋಕೆ ಅವರ ಕಿವಿ. ಕೋಣೆಯ ಗಾತ್ರ, ಶಬ್ದ ಹೀರುವ ವಸ್ತು, ಪ್ರತಿಧ್ವನಿಯ ಹೊತ್ತು, ಈ ಮೂರರ ನಂಟು ತೋರಿಸುವ ಸೂತ್ರ ಅದರಿಂದಲೇ ಬಂತು, ಇವತ್ತಿಗೂ ಅದನ್ನೇ ಬಳಸುತ್ತಾರೆ. ಆ ಲೆಕ್ಕದ ಮೇಲೆ ಕಟ್ಟಿದ ಬೋಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಕಿವಿಯನ್ನೂ ಅಳತೆಯನ್ನೂ ಎದುರಾಬದುರಾ ನಿಲ್ಲಿಸುವವರಿಗೆ ನಾನು ಸಬೀನ್ ಕೆಲಸವನ್ನೇ ತೋರಿಸೋದು.

ನಿಮ್ಮ ಕೋಣೆಗೆ ಬೇಕಾದದ್ದೂ ಆ ಮೆತ್ತೆಗಳೇ. ಸ್ಪೀಕರ್ ಮತ್ತು ನೀವು ಕೂರುವ ಜಾಗದ ನಡುವೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ಬಿದ್ದ ದಪ್ಪ ಪರದೆ, ಗಾದಿ, ಪುಸ್ತಕ ತುಂಬಿದ ಕಪಾಟು, ಗೋಡೆ ಪಕ್ಕ ಮಡಚಿಟ್ಟ ಕೌದಿ. ಇವು ಮೇಲಿನ ಸ್ವರಗಳನ್ನು ಪಳಗಿಸುತ್ತವೆ. ಬೇಸ್ ಇದಕ್ಕೆ ಬಗ್ಗಲ್ಲ. ಅದಕ್ಕೆ ಕೋಣೆಯ ಉದ್ದಗಲವೇ ಯಜಮಾನ. 12 ಅಡಿಗೆ 12 ಅಡಿಯ ಚೌಕ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಹತ್ತಿರ ಶಬ್ದ ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಮೊರೆಯುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ, 40 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 355 ಮೀಟರ್, ಹಾಗಾಗಿ ನಮ್ಮ ಮೇ ತಿಂಗಳಲ್ಲಿ ಅದು 48, 49ಕ್ಕೆ ಸರಿಯುತ್ತದೆ. ಗೋಡೆಗೆ ಬೆನ್ನು ಹಚ್ಚಿ ಕೂತರೆ ಆ ಸ್ವರ ಗುಂಯ್ ಅನ್ನುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯ. ಅದೇ ಸ್ಪೀಕರ್, ಅದೇ ಹಾಡು, ನಾಲ್ಕು ಹೆಜ್ಜೆ ಅಂತರ, ಹತ್ತು ಡೆಸಿಬೆಲ್ಲಿಗೂ ಹೆಚ್ಚು ವ್ಯತ್ಯಾಸ. ಯಾವ ಆಂಪ್ ಬದಲಿಸಿದರೂ ಇಷ್ಟು ಬದಲಾಗಲ್ಲ. ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ, ಕುರ್ಚಿಯನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ನೋಡಿ. ಅಳತೆ ಮೈಕ್ ಒಂದು ಕೊಂಡರೆ, ಪುಕ್ಕಟೆ ಸಿಗುವ ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶದಲ್ಲಿ ನಿಮ್ಮ ಕೋಣೆಯ ಮೊರೆತ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಆ ಒಂದು ಜಾಗದಲ್ಲಿ ಈಕ್ವಲೈಜರಿನಿಂದ ತಗ್ಗಿಸಬಹುದು. ಖಾಲಿ ಬಿದ್ದ ಜಾಗವನ್ನು ಮಾತ್ರ ಏರಿಸೋಕೆ ಹೋಗಬೇಡಿ, ಆಂಪ್ ಸುಸ್ತಾಗುತ್ತದೆ ಅಷ್ಟೇ, ಅಲ್ಲಿ ಶಬ್ದ ತುಂಬಲ್ಲ.

ಹಾಗಾಗಿ ದುಡ್ಡು ಹಂಚುವಾಗ ನಾನು ಹೇಳುವ ಸಾಲು ಇದು. ದೊಡ್ಡ ಪಾಲು ಸ್ಪೀಕರಿಗೆ, ಅದನ್ನು ಗ್ರಾಫ್ ನೋಡಿ ಆರಿಸಿ. ಆಮೇಲೆ ಜಮಖಾನ, ಪರದೆ, ಸ್ಟ್ಯಾಂಡು. ಉಳಿದದ್ದು ಆಂಪ್‌ಗೆ. ತಂತಿಗೆ ಚಿಲ್ಲರೆ ಸಾಕು. ನಮ್ಮಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಇರುವ ಬಡಾವಣೆಯಾದರೆ ಒಂದು ಸ್ಟೆಬಿಲೈಜರ್ ಇಡಿ. ಅದು ದನಿ ಚೆಂದ ಮಾಡಲ್ಲ, ಆಂಪ್ ಉಳಿಸುತ್ತದೆ.

ಕಿವಿಗೆ ಇನ್ನೂ ದೊಡ್ಡ ಕೆಲಸ ಉಳಿದಿದೆ. ಅಳತೆ ಚೆನ್ನಾಗಿರುವ ಎರಡು ಸ್ಪೀಕರ್‌ಗಳಲ್ಲಿ ಒಂದು ಶಬ್ದವನ್ನು ಅಗಲಕ್ಕೆ ಹರಡುತ್ತದೆ, ಇನ್ನೊಂದು ನೇರಕ್ಕೆ ಕಳಿಸುತ್ತದೆ. ಅಗಲದ್ದು ಕೋಣೆ ತುಂಬಿದ ಹಾಗೆ ಕೇಳಿಸುತ್ತದೆ, ನೇರದ್ದು ಕಲ್ಲಿನ ಕೋಣೆಯಲ್ಲಿ ಸ್ಪಷ್ಟ ಇರುತ್ತದೆ. ಬೇಸ್ ಒಂದು ಹಿಡಿ ಜಾಸ್ತಿ ಬೇಕೋ ಬೇಡವೋ ಅನ್ನೋದು ರುಚಿ. ಇದನ್ನು ಯಾವ ಗ್ರಾಫೂ ನಿಮ್ಮ ಪರವಾಗಿ ತೀರ್ಮಾನ ಮಾಡಲ್ಲ. ಇದಕ್ಕೆ ಕಿವಿಯನ್ನು ತಯಾರು ಮಾಡುವ ಅನುಕೂಲ ನಮ್ಮ ಭಾಗದಲ್ಲಿ ಬೇಕಾದಷ್ಟಿದೆ. ಮನೆಯ ಭಜನೆಯಲ್ಲಿ ಮೈಕಿಲ್ಲದ ಹಾರ್ಮೋನಿಯಂ, ತಬಲಾ, ತಾಳ ಎರಡು ಗಜ ದೂರದಲ್ಲಿ ಕೂತು ಕೇಳಿದವರು ನಾವು. ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ಸ್ವರ ಹೇಗೆ ಏರುತ್ತದೆ, ತಂಬೂರಿಯ ತಂತಿ ಮಿಡಿದ ಮೇಲೆ ಸ್ವರದ ಮೇಲೆ ಸ್ವರ ಹೇಗೆ ಬಿಚ್ಚಿಕೊಳ್ಳುತ್ತದೆ ಅಂತ ನಮಗೆ ಗೊತ್ತು. ಆ ನೆನಪು ಹಿಡಿದು ಸ್ಪೀಕರ್ ಕೇಳಿ. ಮಲ್ಲಿಕಾರ್ಜುನ ಮನ್ಸೂರರ ಹಳೇ ಮುದ್ರಣಗಳು ಹಾಡುಗಾರಿಕೆಗೆ ಚಿನ್ನ, ಆದರೆ ಸ್ಪೀಕರ್ ಪರೀಕ್ಷೆಗೆ ಅಲ್ಲ, ಮುದ್ರಣದ ಮಿತಿಯನ್ನು ಸ್ಪೀಕರಿನ ತಲೆಗೆ ಕಟ್ಟುವ ಹಾಗಾಗುತ್ತದೆ. ಹೊಸದಾಗಿ, ಶುಚಿಯಾಗಿ ಮುದ್ರಿಸಿದ ಒಂದು ಗಾಯನ, ಒಂದು ತಬಲಾ ಸೋಲೋ ಇಟ್ಟುಕೊಳ್ಳಿ. ಪರಿಚಿತ ಗಂಡಸಿನ ಮಾತಿನ ದನಿಯನ್ನು ಫೋನಿನಲ್ಲಿ ಹತ್ತಿರದಿಂದ ರೆಕಾರ್ಡ್ ಮಾಡಿ ಕೇಳಿ. ದನಿ ಡಬ್ಬದೊಳಗಿಂದ ಬಂದ ಹಾಗಿದ್ದರೆ ಅದು ಪೆಟ್ಟಿಗೆಯ ತಪ್ಪು, ಮಾತಿನಲ್ಲಿ ಅದು ಹಾಡಿಗಿಂತ ಬೇಗ ಗೊತ್ತಾಗುತ್ತದೆ.

ಆನ್‌ಲೈನಲ್ಲಿ ತರಿಸುವಾಗ ವಾಪಸ್ ಕೊಡುವ ಅವಕಾಶ ಎಷ್ಟು ದಿನ, ವಾಪಸಿನ ಖರ್ಚು ಯಾರದ್ದು ಅಂತ ಮೊದಲೇ ಕೇಳಿಕೊಳ್ಳಿ. ಡಬ್ಬ, ಥರ್ಮಾಕೋಲ್ ಬಿಸಾಕಬೇಡಿ. ಮೊದಲ ದಿನದ ಖುಷಿಯಲ್ಲಿ ತೀರ್ಮಾನ ಬೇಡ. ರಾತ್ರಿ ಕೂಲರ್ ಬಂದ್ ಮಾಡಿ ಮೆಲ್ಲಗೆ ಒಮ್ಮೆ ಕೇಳಿ, ಹಗಲು ಕೂಲರ್ ಜೊತೆ ಒಮ್ಮೆ ಕೇಳಿ. ಮನೆಯವರನ್ನು ಕೂರಿಸಿ ಏನೂ ಹೇಳದೇ ಕೇಳಿಸಿ. ಬೆಲೆ ಗೊತ್ತಿಲ್ಲದ ಅವರ ಕಿವಿ ಬಹಳ ಸಲ ಸರಿಯಾಗಿ ಹೇಳುತ್ತದೆ. ಒಂದು ತಾಸು ಕೇಳಿದ ಮೇಲೆ ವಾಲ್ಯೂಮ್ ತಗ್ಗಿಸಬೇಕು ಅನಿಸುತ್ತಿದ್ದರೆ ಗ್ರಾಫಿನಲ್ಲಿ 2ರಿಂದ 5 ಕಿಲೋಹರ್ಟ್ಸ್ ಜಾಗವನ್ನು ಇನ್ನೊಮ್ಮೆ ನೋಡಿ, ಎದುರಿನ ಬರಿಗೋಡೆಯನ್ನೂ ನೋಡಿ. ಗೋಡೆಗೆ ಕೌದಿ ತೂಗುಹಾಕಿದ ಮೇಲೂ ಹಾಗೇ ಇದ್ದರೆ ಸ್ಪೀಕರ್ ವಾಪಸ್ ಕಳಿಸಿ.